ಇನ್ನೊಂದು ಊರು ಗೆದ್ದರೆ ಲಾಭವೇ, ನಷ್ಟವೇ?

ಸಾಮ್ರಾಜ್ಯ ಕಟ್ಟುವ ಕಂಪ್ಯೂಟರ್ ಆಟಗಳನ್ನು ನಿಮ್ಮಲ್ಲಿ ಕೆಲವರಾದರೂ ಆಡಿರುತ್ತೀರಿ. ನಿಮ್ಮ ತರಗತಿಯ ಹುಡುಗರಂತೂ ಆಡಿಯೇ ಇರುತ್ತಾರೆ. ಇವುಗಳಲ್ಲಿ ಹೆಸರಾದದ್ದು 1991ರಲ್ಲಿ ಬಂದ 'ಸಿವಿಲೈಜೇಷನ್'. ಒಂದು ಊರಿನಿಂದ ಪ್ರಾರಂಭಿಸಿ, ಹತ್ತಾರು ಊರುಗಳನ್ನು ಕಟ್ಟಿ ಅಥವಾ ಗೆದ್ದು ರಾಜ್ಯವನ್ನು ಬೆಳೆಸುವುದು ಈ ಆಟ. ಊರು ಹೆಚ್ಚಿದಷ್ಟೂ ಬಲ ಹೆಚ್ಚುತ್ತದೆ ಎಂದು ಹೊಸಬರು ಭಾವಿಸುತ್ತಾರೆ. 2005ರಲ್ಲಿ ಬಂದ ಇದರ ನಾಲ್ಕನೆಯ ಆವೃತ್ತಿಯಲ್ಲಿ ಹಾಗೆ ಭಾವಿಸಿದವರ ಬೊಕ್ಕಸ ಬೇಗನೆ ಬರಿದಾಗುತ್ತಿತ್ತು. ಪ್ರತಿ ಊರಿಗೂ ನಿರ್ವಹಣಾ ವೆಚ್ಚ ಉಂಟು. ಅದು ರಾಜಧಾನಿಯಿಂದ ಇರುವ ದೂರಕ್ಕೆ ತಕ್ಕಂತೆ ಏರುತ್ತದೆ. ಒಟ್ಟು ಊರುಗಳ ಸಂಖ್ಯೆಗೆ ತಕ್ಕಂತೆಯೂ ಏರುತ್ತದೆ.

ಎರಡನೆಯ ನಿಯಮದಲ್ಲಿ ಒಂದು ಸ್ವಾರಸ್ಯವಿದೆ. ಅದನ್ನು ಸರಳ ಲೆಕ್ಕವಾಗಿ ನೋಡೋಣ. ಪ್ರತಿ ಊರಿನ ಆದಾಯ 10 ಹೊನ್ನು ಎಂದಿಟ್ಟುಕೊಳ್ಳಿ. ಪ್ರತಿ ಊರಿನ ಖರ್ಚು, ಒಟ್ಟು ಊರುಗಳ ಸಂಖ್ಯೆಯ ಅರ್ಧದಷ್ಟು ಹೊನ್ನು ಎನ್ನೋಣ. ಹತ್ತು ಊರುಗಳಿದ್ದಾಗ ತಲಾ ಖರ್ಚು 5, ಉಳಿತಾಯ 5, ಒಟ್ಟು ಉಳಿತಾಯ 50. ಹನ್ನೊಂದನೆಯ ಊರು ಸೇರಿದಾಗ ತಲಾ ಖರ್ಚು 5.5, ಉಳಿತಾಯ 4.5, ಒಟ್ಟು 49.5. ಹೊಸ ಊರನ್ನು ಮಾತ್ರ ನೋಡಿದರೆ ಅದು 4.5 ಹೊನ್ನು ಲಾಭ ತೋರಿಸುತ್ತಿದೆ! ಆದರೆ ಹಳೆಯ ಹತ್ತು ಊರುಗಳ ಖರ್ಚನ್ನು ಅದು ತಲಾ ಅರ್ಧ ಹೊನ್ನಿನಂತೆ 5 ಹೊನ್ನು ಏರಿಸಿದೆ. ಆ ಖರ್ಚು ಹೊಸ ಊರಿನ ಖಾತೆಯಲ್ಲಿ ಕಾಣುವುದೇ ಇಲ್ಲ. ಇಪ್ಪತ್ತು ಊರುಗಳಾದಾಗ ಉಳಿತಾಯ ಸೊನ್ನೆ. ಆದಾಯ ಸರಳ ರೇಖೆಯಲ್ಲಿ ಏರಿದರೆ ಖರ್ಚು ಸಂಖ್ಯೆಯ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಣಿತದ ಉಪಾಧ್ಯಾಯರು ಇದರ ನಕ್ಷೆಯನ್ನು ಮಕ್ಕಳಿಂದಲೇ ಬರೆಸಬಹುದು. ಪ್ಯಾರಾಬೋಲ ಬರುತ್ತದೆ.

ಇದು ಆಟ ತಯಾರಿಸಿದವರ ಕಲ್ಪನೆ ಮಾತ್ರವೇ? ದೂರದ ನಿಯಮಕ್ಕೆ ನಮ್ಮ ಬೆಂಗಳೂರೇ ಸಾಕ್ಷಿ. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ್ ಈ ಊರನ್ನು ಕೆಂಪೇಗೌಡರ ಮನೆತನದಿಂದ ಗೆದ್ದ. ಅದು ಶಹಾಜಿಯ ಜಹಗೀರಾಯಿತು. ಅವನ ಬಳಿಕ ಮಗ ವೆಂಕೋಜಿಯ (ಏಕೋಜಿ) ಕೈಗೆ ಬಂತು. 1675ರ ಸುಮಾರಿಗೆ ವೆಂಕೋಜಿ ತಂಜಾವೂರನ್ನು ವಶಪಡಿಸಿಕೊಂಡು ಅಲ್ಲಿಯೇ ನೆಲೆಸಿದ. ಕಾವೇರಿಯ ಮುಖಜ ಭೂಮಿಯ ಭತ್ತದ ಸೀಮೆ ಕೈಗೆ ಬಂದ ಮೇಲೆ, ಸುಮಾರು 400 ಕಿ.ಮೀ. ದೂರದ ಬೆಂಗಳೂರು ಭಾರವಾಯಿತು. ಸೈನ್ಯ ದಿನಕ್ಕೆ 20 ಕಿ.ಮೀ. ನಡೆಯುತ್ತದೆ ಎಂದು ಲೆಕ್ಕ ಹಾಕಿದರೆ, ಕೋಟೆಗೆ ಮುತ್ತಿಗೆ ಬಿದ್ದ ಸುದ್ದಿ ತಲುಪಿ ನೆರವು ಹೊರಟರೂ ಬರಲು ಇಪ್ಪತ್ತು ದಿನ ಬೇಕು. ವೆಂಕೋಜಿ ಊರನ್ನು ಮಾರಲು ನಿಂತ! ಮೈಸೂರಿನ ಚಿಕ್ಕದೇವರಾಜ ಒಡೆಯರ ಜೊತೆ 3 ಲಕ್ಷ ರೂಪಾಯಿಗೆ ಮಾತು ನಡೆದಿತ್ತು. ಅಷ್ಟರಲ್ಲಿ, 1687ರಲ್ಲಿ, ಔರಂಗಜೇಬನ ಸೇನಾನಿ ಖಾಸಿಂ ಖಾನ್ ಬೆಂಗಳೂರನ್ನು ಹಿಡಿದ. ಹಿಡಿದವನು ಇಟ್ಟುಕೊಂಡನೇ? ಇಲ್ಲ. ಅದೇ 3 ಲಕ್ಷ ಪಡೆದು ಒಡೆಯರಿಗೇ ಬಿಟ್ಟುಕೊಟ್ಟ.

ಒಂದೇ ಊರನ್ನು ಮರಾಠರು ಬೇಡವೆಂದರು, ಮೊಗಲರು ಬಿಟ್ಟುಕೊಟ್ಟರು, ಮೈಸೂರು ಹಣ ತೆತ್ತು ಕೊಂಡಿತು. ಊರಿನ ಆದಾಯ ಮೂವರಿಗೂ ಹೆಚ್ಚುಕಡಿಮೆ ಒಂದೇ. ಬೇರೆಯಾಗಿದ್ದದ್ದು ದೂರ. ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಸುಮಾರು 125 ಕಿ.ಮೀ., ಅಂದರೆ ಆರು ದಿನದ ನಡಿಗೆ. ಔರಂಗಜೇಬನಾದರೋ 1681ರಲ್ಲಿ ದಖ್ಖನಿಗೆ ಬಂದವನು ದೆಹಲಿಗೆ ಮರಳದೆ 1707ರಲ್ಲಿ ಇಲ್ಲಿಯೇ ತೀರಿಕೊಂಡ. ಅವನ ಸಾಮ್ರಾಜ್ಯ ಆಗ ಹಿಂದೆಂದಿಗಿಂತ ವಿಸ್ತಾರವಾಗಿತ್ತು; ಬೊಕ್ಕಸ ಕರಗುತ್ತಿತ್ತು. ನಮ್ಮ ಲೆಕ್ಕದ ಹನ್ನೊಂದನೆಯ ಊರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು.

ಮೇಲಿನ ಆಟದಲ್ಲಿ ನ್ಯಾಯಾಲಯ ಕಟ್ಟಿದರೆ ಆ ಊರಿನ ನಿರ್ವಹಣಾ ವೆಚ್ಚ ಅರ್ಧಕ್ಕಿಳಿಯುತ್ತದೆ. ಒಡೆಯರು ಮಾಡಿದ್ದೂ ಇಂಥದೇ. ಆಡಳಿತವನ್ನು ಹದಿನೆಂಟು ಇಲಾಖೆಗಳಾಗಿ ವಿಂಗಡಿಸಿದ ಅಠಾರಾ ಕಚೇರಿ ಅವರ ಕಾಲದ್ದು. ಅಂಚೆ ವ್ಯವಸ್ಥೆಯೂ ಅವರದೇ. ಅಂಚೆಯವರು ಕಾಗದದ ಜೊತೆಗೆ ಸುದ್ದಿಯನ್ನೂ ಅರಮನೆಗೆ ಮುಟ್ಟಿಸುತ್ತಿದ್ದರು. ಆದರೆ ಕಂದಾಯದ ಬಿಗಿಗೆ ರೈತರು ದಂಗೆಯೆದ್ದದ್ದೂ ಅವರ ಆಳ್ವಿಕೆಯಲ್ಲಿಯೇ ಎಂಬುದನ್ನು ಮರೆಯುವಂತಿಲ್ಲ.

ಈಗ ಬೆಂಗಳೂರಿನ ಉತ್ತರಕ್ಕೆ, ದೇವನಹಳ್ಳಿಗೆ ಬನ್ನಿ. ಇಲ್ಲಿನ ಮಣ್ಣಿನ ಕೋಟೆಯನ್ನು ಆವತಿ ನಾಡಪ್ರಭುಗಳ ಮನೆತನದ ಮಲ್ಲಬೈರೇಗೌಡ 1501ರಲ್ಲಿ ಕಟ್ಟಿಸಿದನೆನ್ನುತ್ತಾರೆ. ಆಗ ವಿಜಯನಗರದ ಕಾಲ. ಪಾಳೆಯಗಾರ ಕಪ್ಪ ಕೊಡಬೇಕು, ಕರೆದಾಗ ಸೈನ್ಯ ತರಬೇಕು. ಕೋಟೆಯ ದುರಸ್ತಿ, ಕಾವಲುಗಾರರ ಸಂಬಳ ಅವನ ತಲೆಗೇ. ಚಕ್ರವರ್ತಿಗೆ ಆದಾಯ ಕಡಿಮೆ, ಆದರೆ ನಿರ್ವಹಣೆಯ ಹೊರೆಯೂ ಇಲ್ಲ. 1749ರಲ್ಲಿ ಮೈಸೂರಿನ ಸೈನ್ಯ ಇದನ್ನು ಮುತ್ತಿತು. ಹೈದರ್ ಅಲಿ ಮೊದಲು ಹೆಸರು ಮಾಡಿದ್ದು ಈ ಮುತ್ತಿಗೆಯಲ್ಲಿಯೇ. ಅಲ್ಲಿಂದ ಕೋಟೆಯ ಖರ್ಚು ಶ್ರೀರಂಗಪಟ್ಟಣದ್ದಾಯಿತು. ಮಣ್ಣಿನ ಗೋಡೆ ಕಲ್ಲಿನದಾಯಿತು. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯಕ್ಕೆ ಅದೂ ಹೋಯಿತು.

ಆ ಖರ್ಚಿನ ಲೆಕ್ಕ ರಾಜರ ಜೊತೆ ಮುಗಿಯಲಿಲ್ಲ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿಕೊಂಡು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾಯಿತು. ಹಳ್ಳಿಗಳನ್ನು ನಕ್ಷೆಯಲ್ಲಿ ಸೇರಿಸಲು ಒಂದು ಆದೇಶ ಸಾಕಾಯಿತು. ಆ 110 ಹಳ್ಳಿಗಳಿಗೆಂದು ಹಾಕಿದ ಕಾವೇರಿ ಐದನೆಯ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ, ಹದಿನೇಳು ವರ್ಷಗಳ ನಂತರ! ಏಕಿಷ್ಟು ಕಷ್ಟ? ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ ಹರಿದು, ಸುಮಾರು 500 ಮೀಟರ್ ಮೇಲೇರಬೇಕು. ಒಂದು ಘನ ಮೀಟರ್ ನೀರಿನ ರಾಶಿ 1000 ಕಿಲೋಗ್ರಾಂ. ಅದನ್ನು 9.8ರಿಂದಲೂ 500ರಿಂದಲೂ ಗುಣಿಸಿ. 49 ಲಕ್ಷ ಜೂಲ್, ಅಂದರೆ 1.36 ಯೂನಿಟ್ ವಿದ್ಯುತ್ತು. ಪಂಪಿನ ದಕ್ಷತೆ ನೂರಕ್ಕೆ 75 ಎಂದು ಹಿಡಿದರೆ 1.8 ಯೂನಿಟ್. ಐದನೆಯ ಹಂತದ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್. ಪೂರ್ತಿ ಹರಿದರೆ ದಿನಕ್ಕೆ ಸುಮಾರು 14 ಲಕ್ಷ ಯೂನಿಟ್! ಇದು ಒಂದು ಬಾರಿಯ ವೆಚ್ಚವಲ್ಲ, ಪ್ರತಿದಿನದ್ದು. 2025ರ ಸೆಪ್ಟೆಂಬರಿನಲ್ಲಿ ಆ ಒಂದು ಪಾಲಿಕೆಯ ಜಾಗದಲ್ಲಿ ಐದು ಪಾಲಿಕೆಗಳಾದವು. ಪಾಲಿಕೆ ಐದಾದರೂ ನೀರು ಏರಬೇಕಾದ ಎತ್ತರ ಕಡಿಮೆಯಾಗುವುದಿಲ್ಲವಷ್ಟೆ.

ದೇವನಹಳ್ಳಿ ತಾಲ್ಲೂಕಿನಲ್ಲೇ ಚನ್ನರಾಯಪಟ್ಟಣ ಹೋಬಳಿ ಇದೆ (ಹಾಸನ ಜಿಲ್ಲೆಯದು ಬೇರೆ). 2008ರ ಮೇ ತಿಂಗಳಲ್ಲಿ ತಾಲ್ಲೂಕಿನ ವಿಮಾನ ನಿಲ್ದಾಣ ತೆರೆದ ಮೇಲೆ ನಗರ ಇತ್ತ ನುಗ್ಗಿತು. ಇಲ್ಲಿನ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆ ವಶಪಡಿಸಿಕೊಳ್ಳುವ ಅಧಿಸೂಚನೆ ಹೊರಟಿತು. ರೈತರು 2022ರ ಏಪ್ರಿಲಿನಲ್ಲಿ ಧರಣಿಗೆ ಕುಳಿತರು. ಉದ್ಯೋಗ, ಬಂಡವಾಳ ಬರುತ್ತದೆಂಬುದು ಒಂದು ಕಡೆಯ ಲೆಕ್ಕ, ಅದು ಸುಳ್ಳಲ್ಲ. ಈ ಹೊಲಗಳ ತರಕಾರಿ, ಹೂವು, ದ್ರಾಕ್ಷಿ, ರೇಷ್ಮೆ ಇನ್ನೊಂದು ಕಡೆಯ ಲೆಕ್ಕ. ಆಟದಲ್ಲಿಯೂ ಊರಿನ ಸುತ್ತಲ ಹೊಲವೇ ಊರಿಗೆ ಅನ್ನ. ಹೊಲದ ಮೇಲೆ ಏನು ಕಟ್ಟಿದರೂ ಆ ಅನ್ನವನ್ನು ಬೇರೆಲ್ಲಿಂದಲೋ ತರಬೇಕು. 2025ರ ಜುಲೈ 15ರಂದು ಸರ್ಕಾರ ಈ ಭೂಸ್ವಾಧೀನವನ್ನು ಕೈಬಿಟ್ಟಿತು. ತಾವಾಗಿಯೇ ಜಮೀನು ಕೊಡುವವರಿಂದ ಮಾತ್ರ ಕೊಳ್ಳುವುದಾಗಿ ತಿಳಿಸಿತು.