ಕಾಂಟ್ಯಾಕ್ಟ್ ಲೆನ್ಸ್ ತಯಾರಾಗುವುದು ಹೇಗೆ? ಕನ್ನಡಕದ ನಂಬರ್ ಒಂದೇ ಸಾಲದು ಏಕೆ?

ಕನ್ನಡಕದ ನಂಬರ್ ಹೇಗೂ ಗೊತ್ತಿದೆ, ಆ್ಯಪ್‌ನಲ್ಲಿ ಅದನ್ನೇ ಹಾಕಿ ಕಾಂಟ್ಯಾಕ್ಟ್ ಲೆನ್ಸ್ ತರಿಸಿಕೊಂಡರಾಯಿತು ಎಂದುಕೊಳ್ಳುವವರು ಬಹಳ ಮಂದಿ. ಆದರೆ ಕನ್ನಡಕ ಕಣ್ಣಿನಿಂದ ಸುಮಾರು 12 ಮಿಲಿಮೀಟರ್ ದೂರದಲ್ಲಿ ಕೂರುತ್ತದೆ, ಲೆನ್ಸ್ ಕಣ್ಣಿನ ಮೇಲೆಯೇ ಕೂರುತ್ತದೆ. ನಂಬರ್ ಕಡಿಮೆ ಇದ್ದರೆ ಈ ಅಂತರದಿಂದ ಹೆಚ್ಚು ವ್ಯತ್ಯಾಸವಾಗದು. ಆದರೆ ಕನ್ನಡಕದಲ್ಲಿ −8.00 ಇರುವವರಿಗೆ ಲೆನ್ಸ್‌ನಲ್ಲಿ −7.25ರ ಆಸುಪಾಸು ಸಾಕಾಗುತ್ತದೆ. ಇದಲ್ಲದೆ ಲೆನ್ಸ್‌ನ ಬಾಗು ಮತ್ತು ಅಗಲವೂ ಕಣ್ಣಿಗೆ ಹೊಂದಬೇಕು. ಇವೆರಡೂ ಕನ್ನಡಕದ ಚೀಟಿಯಲ್ಲಿ ಇರುವುದಿಲ್ಲ. ಲೆನ್ಸ್ ತಯಾರಾಗುವ ಬಗೆ ನೋಡಿದರೆ ಇದರ ಕಾರಣ ತಿಳಿಯುತ್ತದೆ.

ಮಕ್ಕಳ ಆಟಿಕೆಯಿಂದ ಮೊದಲ ಯಂತ್ರ

19ನೇ ಶತಮಾನದ ಕೊನೆಯಲ್ಲಿ ಬಂದ ಮೊದಲ ಲೆನ್ಸ್‌ಗಳು ಗಾಜಿನವು. ಆಮೇಲೆ ಗಟ್ಟಿ ಪ್ಲಾಸ್ಟಿಕ್ ಲೆನ್ಸ್ ಬಂತು. ಇಂದು ಹೆಚ್ಚಿನವರು ಹಾಕುವ ಮೆತ್ತನೆಯ ಲೆನ್ಸ್‌ನ ಹಿಂದಿರುವವರು ಜೆಕೊಸ್ಲೊವಾಕಿಯಾದ ರಸಾಯನಶಾಸ್ತ್ರಜ್ಞ ಒಟ್ಟೊ ವಿಖ್ಟರ್ಲೆ. ಸಹೋದ್ಯೋಗಿ ದ್ರಹೊಸ್ಲಾವ್ ಲಿಮ್ ಜೊತೆ ಸೇರಿ ಅವರು ನೀರು ಹೀರಿ ಮೆತ್ತಗಾಗುವ ಹೈಡ್ರೋಜೆಲ್ ಎಂಬ ಪ್ಲಾಸ್ಟಿಕ್ ರೂಪಿಸಿದ್ದರು. ಅದಕ್ಕೆ ಲೆನ್ಸ್‌ನ ಆಕಾರ ಕೊಡುವುದೇ ಕಷ್ಟವಾಗಿತ್ತು.

1961ರ ಕ್ರಿಸ್‌ಮಸ್ ಸಮಯದಲ್ಲಿ ಮನೆಯಲ್ಲೇ ಕುಳಿತು ಮಕ್ಕಳ ಮೆರ್ಕುರ್ ಆಟಿಕೆ ಸೆಟ್‌ನ ಭಾಗಗಳು ಮತ್ತು ಸೈಕಲ್ ಡೈನಮೊ ಜೋಡಿಸಿ ಅವರೊಂದು ಯಂತ್ರ ಮಾಡಿದರು. ತಿರುಗುವ ಪುಟ್ಟ ಅಚ್ಚಿನಲ್ಲಿ ದ್ರಾವಣ ಹಾಕಿದರೆ ಅದು ಅಂಚಿನತ್ತ ಏರಿ ಬಟ್ಟಲಿನಂತೆ ಬಾಗಿ ಗಟ್ಟಿಯಾಗುತ್ತಿತ್ತು. ಅಚ್ಚು ಎಷ್ಟು ವೇಗವಾಗಿ ತಿರುಗುತ್ತದೆ ಎಂಬುದರ ಮೇಲೆ ಬಾಗು ಬದಲಾಗುತ್ತಿತ್ತು. ಆ ಯಂತ್ರದಲ್ಲಿ ಮೊದಲಿಗೆ ಸಿಕ್ಕಿದ್ದು ನಾಲ್ಕು ಲೆನ್ಸ್. ಮುಂದೆ ಪೇಟೆಂಟ್ ಅಮೆರಿಕದವರ ಕೈ ಸೇರಿತು. 1971ರಲ್ಲಿ ಬಾಷ್ ಅಂಡ್ ಲಾಂಬ್ ಕಂಪನಿಯ ಮೆತ್ತನೆಯ ಲೆನ್ಸ್‌ಗೆ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿಗೆ ಕೊಟ್ಟಿತು.

ನಂಬರ್ ಇರುವುದು ಅಚ್ಚಿನಲ್ಲಿ

ಈಗ ಹೆಚ್ಚು ಬಳಕೆಯಲ್ಲಿರುವುದು ಎರಕದ ವಿಧಾನ. ಮೊದಲು ವಜ್ರದ ತುದಿಯ ಲೇಥ್‌ನಲ್ಲಿ ಲೋಹದ ಮೂಲ ಅಚ್ಚನ್ನು ಕಡೆಯಲಾಗುತ್ತದೆ. ಇದರಿಂದ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್‌ನ ಅಚ್ಚುಗಳು ಜೋಡಿಯಾಗಿ ತಯಾರಾಗುತ್ತವೆ. ಕೆಳಗಿನ ಅಚ್ಚು ಲೆನ್ಸ್‌ನ ಹೊರಮೈಗೆ, ಮೇಲಿನದು ಕಣ್ಣಿಗೆ ತಾಗುವ ಒಳಮೈಗೆ. ನಡುವೆ ದ್ರವ ಹಾಕಿ ಮುಚ್ಚಿ, ಅತಿನೇರಳೆ ಬೆಳಕು ಅಥವಾ ಶಾಖ ಕೊಟ್ಟರೆ ಅದು ಗಟ್ಟಿಯಾಗುತ್ತದೆ. ಎರಡು ಮೈಗಳ ಬಾಗಿನ ನಡುವಿನ ವ್ಯತ್ಯಾಸವೇ ಮುಖ್ಯವಾಗಿ ಲೆನ್ಸ್‌ನ ಪವರ್ ನಿರ್ಧರಿಸುತ್ತದೆ. ಅಂದರೆ ಪ್ರತಿ ನಂಬರ್‌ಗೂ ಅದರದೇ ಅಚ್ಚಿನ ಜೋಡಿ ಬೇಕು. ಈ ಪ್ಲಾಸ್ಟಿಕ್ ಅಚ್ಚುಗಳು ಸಾಮಾನ್ಯವಾಗಿ ಒಂದು ಸಲಕ್ಕೆ ಮಾತ್ರ. ಲೆನ್ಸ್‌ಗಿಂತ ಅಚ್ಚಿಗೇ ಹೆಚ್ಚು ಪ್ಲಾಸ್ಟಿಕ್ ಖರ್ಚಾಗುತ್ತದೆ ಎನ್ನುವುದು ವಿಚಿತ್ರವಾದರೂ ನಿಜ.

ಅಸ್ಟಿಗ್ಮ್ಯಾಟಿಸಂ ಇರುವವರ ಲೆನ್ಸ್‌ನಲ್ಲಿ ಲೆಕ್ಕ ಇನ್ನೂ ಬೆಳೆಯುತ್ತದೆ. ಸಿಲಿಂಡರ್ ನಾಲ್ಕು ಬಗೆ, ಆಕ್ಸಿಸ್ ಹತ್ತು ಡಿಗ್ರಿಗೊಂದರಂತೆ 18 ಎಂದಿಟ್ಟುಕೊಂಡರೂ ಒಂದೇ ಪವರ್‌ಗೆ 72 ಬಗೆಯ ಲೆನ್ಸ್ ಬೇಕಾಗುತ್ತದೆ. ಅಂಗಡಿಯವರು "ನಾಲ್ಕು ದಿನ ಬಿಟ್ಟು ಬನ್ನಿ" ಎನ್ನುವುದು ಇದಕ್ಕೇ. ಇಂಥ ಲೆನ್ಸ್ ಕಣ್ಣಿನಲ್ಲಿ ತಿರುಗಿದರೆ ದೃಷ್ಟಿ ಮಸುಕಾಗುತ್ತದೆ. ಆದ್ದರಿಂದ ಹಲವು ಲೆನ್ಸ್‌ಗಳ ಕೆಳಭಾಗವನ್ನು ತುಸು ದಪ್ಪ ಮಾಡಿರುತ್ತಾರೆ.

ಮೆತ್ತಗಾಗುವುದು ಕೊನೆಗೆ

ಸಾಮಾನ್ಯ ಹೈಡ್ರೋಜೆಲ್ ಲೆನ್ಸ್ ಅಚ್ಚಿನಿಂದ ಹೊರಬಂದಾಗ ಮೆತ್ತಗೆ ಇರುವುದೇ ಇಲ್ಲ. ಒಣಗಿದ ಉಗುರಿನ ಚೂರಿನಂತಿರುತ್ತದೆ. ಗಟ್ಟಿಯಾಗದೆ ಉಳಿದ ರಾಸಾಯನಿಕವನ್ನು ತೊಳೆದು ತೆಗೆದು ಉಪ್ಪುನೀರಿನ ದ್ರಾವಣದಲ್ಲಿ ನೆನೆಸಿದ ಮೇಲೆ ಅದು ಉಬ್ಬುತ್ತದೆ. ಹೆಮಾ ಎಂಬ ಮೂಲ ಹೈಡ್ರೋಜೆಲ್ ಲೆನ್ಸ್‌ನಲ್ಲಿ ನೀರಿನ ಪಾಲು ಸುಮಾರು 38 ಶೇಕಡ. ಎಷ್ಟು ಉಬ್ಬುತ್ತದೆ ಎಂಬ ಲೆಕ್ಕ ಹಾಕಿಯೇ ಅಚ್ಚನ್ನು ಮೊದಲೇ ಚಿಕ್ಕದಾಗಿ ಮಾಡಿರುತ್ತಾರೆ.

ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ. ಅದಕ್ಕೆ ಬೇಕಾದ ಆಮ್ಲಜನಕ ಹೆಚ್ಚಾಗಿ ಗಾಳಿಯಿಂದ, ಕಣ್ಣೀರಿನ ಮೂಲಕ ಸಿಗಬೇಕು. ಹಳೆಯ ಗಟ್ಟಿ ಪ್ಲಾಸ್ಟಿಕ್ ಲೆನ್ಸ್‌ಗಳು ಆಮ್ಲಜನಕವನ್ನು ಬಿಡುತ್ತಲೇ ಇರಲಿಲ್ಲ. 1990ರ ದಶಕದ ಕೊನೆಗೆ ಬಂದ ಸಿಲಿಕೋನ್ ಹೈಡ್ರೋಜೆಲ್ ಈ ಕೊರತೆಯನ್ನು ಬಹುಮಟ್ಟಿಗೆ ನೀಗಿಸಿತು. ಆದರೆ ಸಿಲಿಕೋನ್‌ಗೂ ನೀರಿಗೂ ಆಗಿಬರುವುದಿಲ್ಲ. ಹಾಗಾಗಿ ಲೆನ್ಸ್‌ನ ಮೇಲ್ಮೈ ತೇವವಾಗಿರುವಂತೆ ಬೇರೆ ಉಪಾಯ ಮಾಡಬೇಕಾಯಿತು.

ಒಬ್ಬರ ಕಣ್ಣಿಗೆ ಒಂದೇ ಲೆನ್ಸ್

ಕೆರಟೋಕೋನಸ್ ಇರುವವರ ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಮುಂದಕ್ಕೆ ಉಬ್ಬುತ್ತದೆ. ತೊಂದರೆ ಹೆಚ್ಚಾದಂತೆ ಕನ್ನಡಕದಿಂದ ಸ್ಪಷ್ಟ ದೃಷ್ಟಿ ಸಿಗುವುದಿಲ್ಲ. ಇಂಥವರಿಗೆ ಬೇಕಾಗುವ, ಆಮ್ಲಜನಕ ಬಿಡುವ ಗಟ್ಟಿ ಲೆನ್ಸ್‌ಗಳು ಎರಕದಲ್ಲಿ ಅಲ್ಲ, ಲೇಥ್‌ನಲ್ಲಿ ಒಂದೊಂದಾಗಿ ತಯಾರಾಗುತ್ತವೆ. ಕಾರ್ನಿಯಾದ ನಕ್ಷೆ ತೆಗೆದು, ಪ್ರಯೋಗದ ಲೆನ್ಸ್ ಹಾಕಿ ನೋಡಿ ಅಳತೆ ಕೊಡುತ್ತಾರೆ. ಬಿಲ್ಲೆಯಾಕಾರದ ಪ್ಲಾಸ್ಟಿಕ್ ತುಂಡನ್ನು ಕಂಪ್ಯೂಟರ್ ಚಾಲಿತ ಲೇಥ್ ಆ ಅಳತೆಗೆ ಕಡೆಯುತ್ತದೆ. ಬೆಲೆ ಹೆಚ್ಚು ಎನಿಸಿದರೂ, ಹೆಚ್ಚಿನವು ಆ ಒಂದು ಕಣ್ಣಿಗೆಂದೇ ಮಾಡಿದವು.

ಡಬ್ಬಿಯ ಮೇಲೆ ಏನಿರುತ್ತದೆ?

ಮೆತ್ತನೆಯ ಲೆನ್ಸ್‌ಗಳಲ್ಲಿ ಹರಿದ ಅಂಚು, ಗುಳ್ಳೆ ಇದ್ದವನ್ನು ಪರೀಕ್ಷೆಯಲ್ಲಿ ತೆಗೆದುಹಾಕುತ್ತಾರೆ. ಉಳಿದವು ದ್ರಾವಣದೊಂದಿಗೆ ಪುಟ್ಟ ಪ್ಯಾಕ್ ಸೇರುತ್ತವೆ. ಫಾಯಿಲ್ ಅಂಟಿಸಿದ ಮೇಲೆ ಪ್ಯಾಕ್ ಸಮೇತ ಸುಮಾರು 121 ಡಿಗ್ರಿ ಸೆಲ್ಸಿಯಸ್ ಹಬೆಯಲ್ಲಿ ಕ್ರಿಮಿಮುಕ್ತ ಮಾಡಲಾಗುತ್ತದೆ. ಫಾಯಿಲ್ ಕಿತ್ತ ಕ್ಷಣಕ್ಕೆ ಆ ರಕ್ಷಣೆ ಮುಗಿಯುತ್ತದೆ. ನಲ್ಲಿ ನೀರಲ್ಲಿ ಲೆನ್ಸ್ ತೊಳೆಯಬಾರದು ಎನ್ನುವುದೂ ಇದಕ್ಕೇ: ಅದರಲ್ಲಿರಬಹುದಾದ ಅಕಾಂತಮೀಬಾ ಎಂಬ ಜೀವಿ ಲೆನ್ಸ್‌ಗೆ ಅಂಟಿಕೊಂಡರೆ ಕಾರ್ನಿಯಾದ ಸೋಂಕಿಗೆ ಕಾರಣವಾಗುತ್ತದೆ, ದೃಷ್ಟಿಯನ್ನೇ ಕಳೆಯಬಲ್ಲದು.

ಡಬ್ಬಿಯ ಮೇಲೆ ಪವರ್ ಜೊತೆಗೆ ಬಿ.ಸಿ. ಎಂದು 8.4 ಅಥವಾ 8.6ರಂಥ ಸಂಖ್ಯೆ ಇರುತ್ತದೆ. ಅದು ಒಳಮೈಯ ಬಾಗು. 14.0 ಅಥವಾ 14.2 ಎಂದಿರುವುದು ಮಿಲಿಮೀಟರ್‌ನಲ್ಲಿ ಲೆನ್ಸ್‌ನ ಅಗಲ. ಬಾಗು ಬಿಗಿಯಾದರೆ ಲೆನ್ಸ್ ಕಣ್ಣಿಗೆ ಕಚ್ಚಿಕೊಳ್ಳುತ್ತದೆ, ಸಡಿಲವಾದರೆ ರೆಪ್ಪೆ ಬಡಿದಾಗಲೆಲ್ಲ ಜಾರುತ್ತದೆ. ಒಂದೇ ಸಂಖ್ಯೆ ಇದ್ದರೂ ಎರಡು ಕಂಪನಿಗಳ ಲೆನ್ಸ್ ಒಂದೇ ಕಣ್ಣಿನ ಮೇಲೆ ಬೇರೆ ಬೇರೆಯಾಗಿ ಕೂರಬಹುದು. ಹೀಗಾಗಿ ತಜ್ಞರು ಲೆನ್ಸ್ ಹಾಕಿ ನೋಡಿದ ಮೇಲೆ ಕೊಡುವ ಚೀಟಿಯಲ್ಲಿ ಬ್ರ್ಯಾಂಡ್ ಹೆಸರೂ ಇರುತ್ತದೆ.