ಎದುರು ಕರೆಯಲ್ಲಿ ಯಾರಿದ್ದರು?

ಕಂಬಳದ ಬಗ್ಗೆ ಈಗ ಬರೆಯುವವರೆಲ್ಲ 2020ರ ಫೆಬ್ರವರಿಯಿಂದ ಶುರು ಮಾಡುತ್ತಾರೆ. ಆ ತಿಂಗಳ 1ರಂದು ಐಕಳದ ಕರೆಯಲ್ಲಿ, ಅಂದರೆ ಕೋಣಗಳು ಓಡುವ ಕೆಸರಿನ ಓಣಿಯಲ್ಲಿ, ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಗಿಸಿದರು. ಅದನ್ನು ನೂರು ಮೀಟರಿಗೆ ಇಳಿಸಿ 9.55 ಎಂದರು, ಉಸೇನ್ ಬೋಲ್ಟ್ ಬರ್ಲಿನ್‌ನಲ್ಲಿ ಓಡಿದ 9.58ರ ಪಕ್ಕದಲ್ಲಿಟ್ಟರು. ಎರಡು ವಾರದೊಳಗೆ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಟ್ರಯಲ್ಸ್‌ಗೆ ಕರೆದರು. ಮುಖ್ಯಮಂತ್ರಿ ಯಡಿಯೂರಪ್ಪನವರು ಬೆಂಗಳೂರಿಗೆ ಕರೆಸಿ ಮೂರು ಲಕ್ಷ ರೂಪಾಯಿ ಕೊಟ್ಟು ಸನ್ಮಾನಿಸಿದರು. ಅಂದಿನಿಂದ ಕಂಬಳದ ಕಥೆಯೆಂದರೆ ಒಂದು ಸೆಕೆಂಡಿನ ಲೆಕ್ಕ ಎಂಬಂತಾಗಿದೆ. ಕರೆಯ ಬದುವಿನಲ್ಲಿ ನಿಂತು ಬೆಳೆದ ನಮ್ಮಂಥವರು ಮೊದಲು ಕೇಳುವುದು ಸಮಯವನ್ನಲ್ಲ: ಎದುರು ಕರೆಯಲ್ಲಿ ಯಾರಿದ್ದರು? ಈ ಲೇಖನ ಆ ಪ್ರಶ್ನೆಯ ಜಾಡು ಹಿಡಿದದ್ದು.

ಹಳೆಯ ಕಾಲದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಗುತ್ತಿನ ಮನೆಗಳ ಕಂಬಳಗದ್ದೆ, ಅಲ್ಲಿ ನೆಡುವ ಪೂಕರೆ ಕಂಬ, ದೈವದ ಅಪ್ಪಣೆ, ಗದ್ದೆಗೆ ಕೋಣ ಇಳಿಸುವ ಕಟ್ಟು ಎಲ್ಲವೂ ಇದ್ದವು. ಅಲ್ಲಿ ಸೋಲು ಗೆಲುವು ಮುಖ್ಯವಾಗಿರಲಿಲ್ಲ. ಒಂಟಿ ಕರೆಯಲ್ಲಿ ಒಂದೊಂದೇ ಜೋಡಿ ಓಡುತ್ತಿತ್ತು. ಇಂಥವರ ಕೋಣ ಜೋರು ಎಂಬ ಮಾತು ಊರಿನ ಬಾಯಲ್ಲಿ ಹುಟ್ಟಿ ಅಲ್ಲಿಯೇ ಉಳಿಯುತ್ತಿತ್ತು.

ಎದುರಾಳಿ ಹುಟ್ಟಿದ್ದು ಜೋಡುಕರೆಯಿಂದ. ಎಪ್ಪತ್ತರ ದಶಕದ ಹೊಸ್ತಿಲಲ್ಲಿ ಬಜಗೋಳಿಯ ಕಡೆಯಿಂದ ಹಬ್ಬಿದ ಈ ಹೊಸ ಕ್ರಮದಲ್ಲಿ ಎರಡು ಕರೆ, ಎರಡು ಜೋಡಿ, ಓಟ ಮುಗಿಯುವಲ್ಲಿ ಒಂದು ಮಂಜೊಟ್ಟಿ. ಕರೆಗಳ ಹೆಸರೂ ಜೋಡಿಯೇ: ಮೂಡುಬಿದಿರೆಯ ಕಡಲಕೆರೆಯದು ಕೋಟಿ-ಚೆನ್ನಯ, ಹೊಕ್ಕಾಡಿಗೋಳಿಯದು ವೀರ-ವಿಕ್ರಮ, ಕಕ್ಯಪದವಿನದು ಸತ್ಯ-ಧರ್ಮ. ಈ ಜೋಡಿ ಹೆಸರುಗಳು ಬರೀ ಅಲಂಕಾರವಲ್ಲ. ಪಕ್ಕದಲ್ಲಿ ಇನ್ನೊಬ್ಬನಿಲ್ಲದೆ ಓಟವಿಲ್ಲ ಎಂಬ ತಿಳಿವಳಿಕೆ ಅವುಗಳೊಳಗೇ ಇದೆ.

ನನ್ನ ತಲೆಮಾರು ಕಂಬಳವನ್ನು ಕಲಿತದ್ದು ಇಂಥ ಕರೆಗಳಲ್ಲಿ. ಹಗ್ಗ ಮತ್ತು ನೇಗಿಲು ವಿಭಾಗಗಳಲ್ಲಿ ಹಿರಿಯ, ಕಿರಿಯ ಎಂದು ಎರಡು. ಕೋಣದ ಬಾಯಿ ಬಿಡಿಸಿ ಹಲ್ಲು ನೋಡಿ ಕಿರಿಯವೆಂದು ತೀರ್ಮಾನಿಸುತ್ತಾರೆ. ಹೆಸರು ಬಾನೆತ್ತರಕ್ಕೆ ಏರುವುದು ಹೆಚ್ಚಾಗಿ ಇಲ್ಲಿಯೇ. ನೇಗಿಲು ಕಿರಿಯದಲ್ಲಿ ಒಂದು ಜೋಡಿ ಸಾಲಾಗಿ ಮೂರು ನಾಲ್ಕು ಕಂಬಳ ಗೆದ್ದರೆ ಸಾಕು, ಯಜಮಾನರ ಅಂಗಳದಲ್ಲಿ ಜನ ಸೇರುತ್ತಾರೆ, ಫ್ಲೆಕ್ಸ್ ಏಳುತ್ತದೆ, ಕೋಣಕ್ಕೆ ಲಕ್ಷಗಳ ಬೆಲೆ ಕಟ್ಟುತ್ತಾರೆ. ಮರುವರ್ಷ ಹಲ್ಲು ಬಂದು ಹಿರಿಯಕ್ಕೆ ಏರಿದಾಗ ಅದೇ ಜೋಡಿ ಓಟ ಶುರುವಾಗುವ ಗಂತಿನಿಂದ ಹೊರಟು ಅರ್ಧ ಕರೆಯವರೆಗೆ ಸಮಸಮ ಬಂದು, ಕೊನೆಯ ಮೂವತ್ತು ಮೀಟರಿನಲ್ಲಿ ಕುತ್ತಿಗೆ ತಗ್ಗಿಸುವುದನ್ನು ಎಷ್ಟೋ ಬೆಳಗಿನ ಜಾವ ಕಂಡಿದ್ದೇನೆ. ಅದರ ಕಾಲು ಸೋತದ್ದಲ್ಲ. ಎದುರು ಕರೆಯಲ್ಲಿ ತನ್ನಷ್ಟೇ ಗಟ್ಟಿ ಜೋಡಿ ಬಂದಾಗ ಏನು ಮಾಡಬೇಕೆಂದು ಅದಕ್ಕೆ ಯಾರೂ ಕಲಿಸಿರಲಿಲ್ಲ. ಹಗಲಿನ ಸುತ್ತುಗಳಲ್ಲಿ ದುರ್ಬಲ ಜೋಡಿಗಳ ಎದುರು ಸಲೀಸಾಗಿ ಗೆದ್ದು ಬಂದದ್ದು ರಾತ್ರಿಯ ಸೆಮಿಫೈನಲಿನಲ್ಲಿ ಬಯಲಾಗುತ್ತದೆ. ಅದಕ್ಕೇ ಹಳಬರು ಮಧ್ಯಾಹ್ನ ಮನೆಗೆ ಹೋಗಿ ಮಲಗಿ ರಾತ್ರಿ ಎರಡು ಗಂಟೆಗೆ ಮರಳುತ್ತಿದ್ದರು.

ಹೊಗಳಿಕೆಗೆ ಜಾಗವೇ ಇಲ್ಲದ ವಿಭಾಗವೊಂದಿದೆ, ಕನೆ ಹಲಗೆ. ಕರೆಯ ಮೇಲೆ 6.5 ಕೋಲು, 7.5 ಕೋಲು ಎತ್ತರದಲ್ಲಿ ಕಟ್ಟಿದ ನಿಶಾನೆಗೆ ಕೋಣಗಳು ಎಳೆಯುವ ಹಲಗೆಯಿಂದ ಚಿಮ್ಮಿದ ನೀರು ತಾಗಬೇಕು. ತಾಗಿತೋ ಇಲ್ಲವೋ ಎಂಬುದು ಸಾವಿರ ಜನರ ಕಣ್ಣೆದುರೇ ತೀರ್ಮಾನವಾಗುತ್ತದೆ. ಕಂಬಳದ ಅತ್ಯಂತ ಪ್ರಾಮಾಣಿಕ ಪರೀಕ್ಷೆ ಇದೇ ಎಂದು ನನ್ನ ನಂಬಿಕೆ. ಇದರ ಬಗ್ಗೆ ಬರೆದವರು ಮಾತ್ರ ತೀರ ಕಡಿಮೆ.

2011ರ ಹೊತ್ತಿಗೆ ಎರಡು ದೊಡ್ಡ ಬದಲಾವಣೆಗಳ ಕಾಲ ಬಂತು. ಪ್ರೊ. ಕೆ. ಗುಣಪಾಲ ಕಡಂಬರು ಮಿಯಾರಿನಲ್ಲಿ ಕಂಬಳ ಅಕಾಡೆಮಿ ಶುರು ಮಾಡಿದರು. ಗೊಬ್ಬರ ಹೊತ್ತು, ಗದ್ದೆ ಉತ್ತು ಗಟ್ಟಿಯಾದ ಹುಡುಗರಿಗೆ ಕೋಣವನ್ನು ಹೊಡೆಯದೆ ಓಡಿಸುವ ಶಿಸ್ತು, ಮೈಕಟ್ಟಿನ ತರಬೇತಿ, ಹೊಟ್ಟೆಗೆ ಏನು ತಿನ್ನಬೇಕೆಂಬ ತಿಳಿವಳಿಕೆ ಅಲ್ಲಿ ಸಿಕ್ಕಿತು. ಶ್ರೀನಿವಾಸ ಗೌಡರು ಅಲ್ಲಿಯ ಮೊದಲ ತಂಡದವರು. ಇನ್ನೊಂದು ಬದಲಾವಣೆ ಮಂಜೊಟ್ಟಿಯ ಲೇಸರ್. ಅದಕ್ಕೂ ಮೊದಲು ತೀರ್ಪುಗಾರರ ಕಣ್ಣೇ ಕೊನೆಯ ಮಾತಾಗಿತ್ತು, ಕೂದಲೆಳೆ ಅಂತರಕ್ಕೆ ರಾತ್ರಿಯಿಡೀ ಜಗಳ. ಲೇಸರ್ ಆ ಜಗಳ ನಿಲ್ಲಿಸಿತು, ಅದಕ್ಕೆ ನಾವೆಲ್ಲ ಋಣಿಗಳು. ಆದರೆ ಯಾರು ಮುಂದೆ ಎಂದು ಹೇಳಲು ಬಂದ ಯಂತ್ರ ಎಷ್ಟು ಸೆಕೆಂಡು ಎಂದೂ ಹೇಳತೊಡಗಿತು. ಆ ಎರಡನೆಯ ಉತ್ತರವನ್ನು ಹೇಗೆ ಓದಬೇಕೆಂದು ಯಾರೂ ಯೋಚಿಸಲಿಲ್ಲ.

ನಡುವೆ ಕಂಬಳಕ್ಕೂ ಕುತ್ತು ತಂದ 2014ರ ಸುಪ್ರೀಂ ಕೋರ್ಟ್ ತೀರ್ಪು, 2016ರ ಹೈಕೋರ್ಟ್ ತಡೆ, ಮತ್ತೆ ಅವಕಾಶ ಕೊಟ್ಟ 2017ರ ಸುಗ್ರೀವಾಜ್ಞೆ, 2018ರಲ್ಲಿ ರಾಷ್ಟ್ರಪತಿಗಳ ಅಂಕಿತ. ಆ ಹೋರಾಟದ ಕಥೆಗೆ ಬೇರೆಯೇ ಲೇಖನ ಬೇಕು. ಇಲ್ಲಿ ಹೇಳಬೇಕಾದ್ದು ಇಷ್ಟೇ: ಉಳಿವಿಗಾಗಿ ಹೋರಾಡಿ ಬಂದ ಕಂಬಳಕ್ಕೆ ಹೊರಗಿನವರ ಮೆಚ್ಚುಗೆ ಬೇಕಾಗಿತ್ತು. ಬೋಲ್ಟ್ ಹೋಲಿಕೆ ಬಂದಾಗ ನಾವೂ ಸುಮ್ಮನಿದ್ದೆವು.

ಲೆಕ್ಕವನ್ನೇ ನೋಡಿ. 13.62ನ್ನು 142.5ರಿಂದ ಭಾಗಿಸಿದರೆ ನೂರು ಮೀಟರಿಗೆ ಬರುವುದು 9.558, ಅಂದರೆ 9.56. ಅದು ಸಣ್ಣ ಮಾತು. ದೂರ ಹೆಚ್ಚಿದಷ್ಟೂ ನಿಂತಲ್ಲಿಂದ ಹೊರಡುವಾಗ ಕಳೆದ ಸಮಯ ಕರಗುತ್ತದೆ. ಬೋಲ್ಟ್‌ನದೇ 200 ಮೀಟರಿನ 19.19ನ್ನು ಅರ್ಧ ಮಾಡಿದರೆ 9.6ಕ್ಕೂ ಕಡಿಮೆ ಬರುತ್ತದೆ. ಹಾಗೆ ಅರ್ಧ ಮಾಡಿದ್ದನ್ನು ಯಾರೂ ದಾಖಲೆ ಎನ್ನುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ನಮ್ಮ ಓಟಗಾರನ ಮುಂದೆ ಎರಡು ಕೋಣಗಳಿವೆ. ಅವುಗಳ ವೇಗದಲ್ಲಿ ಅವನು ಓಡುತ್ತಾನೆ, ಅವು ಅವನನ್ನು ಎಳೆಯುತ್ತವೆ. ಕೆಸರಿನಲ್ಲಿ ಬೀಳದೆ ಅವುಗಳ ಜತೆಗೆ ನಿಲ್ಲುವುದೇ ಅಸಾಮಾನ್ಯ ವಿದ್ಯೆ. ಆದರೆ ಅದು ಬೇರೆ ವಿದ್ಯೆ. ಶ್ರೀನಿವಾಸ ಗೌಡರು ಇದನ್ನು ಎಲ್ಲರಿಗಿಂತ ಮೊದಲು ಹೇಳಿದರು. ಗೆಲುವಿನ ಪಾಲನ್ನು ಕೋಣಗಳಿಗೂ ಯಜಮಾನರಿಗೂ ಕೊಟ್ಟರು. ಕಂಬಳದಲ್ಲಿ ಹಿಮ್ಮಡಿ ಊರಿ ಓಡಬೇಕು, ಟ್ರ್ಯಾಕಿನಲ್ಲಿ ಬೆರಳ ಮೇಲೆ ಎಂದು ವಿವರಿಸಿ ಟ್ರಯಲ್ಸ್‌ಗೆ ಹೋಗಲಿಲ್ಲ. ಅದಕ್ಕೆ ಆರು ತಿಂಗಳ ಹಿಂದೆ ಒಂದು ವಿಡಿಯೋದಿಂದ ಹೆಸರಾದ ಮಧ್ಯಪ್ರದೇಶದ ಯುವಕನನ್ನು ಭೋಪಾಲದಲ್ಲಿ ಇಂಥದೇ ಟ್ರಯಲ್ಸ್‌ನಲ್ಲಿ ಓಡಿಸಿದ್ದರು. ಅವನು ಕೊನೆಯವನಾಗಿ ಮುಗಿಸಿದ. ಹೊಗಳಿದವರು ಮರುದಿನ ಅವನನ್ನು ಮರೆತರು. ಅಂಥ ಅವಮಾನ ನಮ್ಮ ಹುಡುಗನಿಗೆ ಬರಲಿಲ್ಲ ಎಂಬ ನೆಮ್ಮದಿ ನನಗೆ ಈಗಲೂ ಇದೆ.

ಎದುರು ಯಾರಿದ್ದರು ಎಂಬ ಪ್ರಶ್ನೆ ಬೇರೆ ಆಟಗಳಲ್ಲೂ ಇದೆ. ಅದೇ ಫೆಬ್ರವರಿಯ 22ರಂದು ಲಾಸ್ ವೇಗಾಸಿನಲ್ಲಿ ಹೆವಿವೇಟ್ ಬಾಕ್ಸರ್ ಡಿಯಾಂಟೆ ವೈಲ್ಡರ್ ಸೋತ. ಅಲ್ಲಿಯವರೆಗೆ ಒಮ್ಮೆಯೂ ಸೋತವನಲ್ಲ. ಮೊದಲ 32 ಪಂದ್ಯಗಳನ್ನೂ ನಾಕ್‌ಔಟ್‌ನಲ್ಲೇ ಗೆದ್ದಿದ್ದ. ಆದರೂ ಬಾಕ್ಸಿಂಗ್ ಬಲ್ಲವರು ವರ್ಷಗಟ್ಟಲೆ ಕೇಳುತ್ತಲೇ ಇದ್ದರು: ಅವನು ಸೋಲಿಸಿದ್ದು ಯಾರನ್ನು? ಟೈಸನ್ ಫ್ಯೂರಿ ಏಳನೇ ಸುತ್ತಿನಲ್ಲಿ ಉತ್ತರ ಕೊಟ್ಟ. ಅಲ್ಲಿ ಹಾಗೆ ಕೇಳಲು ಸಾಧ್ಯವಾದದ್ದು ಪ್ರತಿ ಪಂದ್ಯದ ಎದುರಾಳಿಯ ಹೆಸರು ದಾಖಲೆಯ ಪುಸ್ತಕದಲ್ಲಿ ಇರುವುದರಿಂದ.

ನಮ್ಮಲ್ಲಿ ಅಂಥ ಪುಸ್ತಕವಿಲ್ಲ. ಐಕಳದ ಹದಿನೈದು ದಿನಗಳ ನಂತರ ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ಬಜಗೋಳಿ ಜೋಗಿಬೆಟ್ಟಿನ ನಿಶಾಂತ್ ಶೆಟ್ಟರು 143 ಮೀಟರನ್ನು 13.61 ಸೆಕೆಂಡಿನಲ್ಲಿ ಓಡಿದರು. ಇರುವತ್ತೂರು ಆನಂದ, ಅಕ್ಕೇರಿ ಸುರೇಶ್ ಶೆಟ್ಟಿ ಕೂಡ ಕೂದಲೆಳೆಯಷ್ಟೇ ಹಿಂದೆ ಇದ್ದರು. ಶ್ರೀನಿವಾಸ ಗೌಡರ ನಿಜವಾದ ಎದುರಾಳಿಗಳು ಇವರು, ಬೋಲ್ಟ್ ಅಲ್ಲ. ಅದೇ ಸೀಸನ್ನಿನಲ್ಲಿ, ಅದೇ ಕೆಸರಿನಲ್ಲಿ, ಇವರ ನಡುವೆ ನಿಂತು ಪದಕ ಗೆದ್ದದ್ದರಿಂದಲೇ ಅವರು ದೊಡ್ಡ ಓಟಗಾರ. ಆ ಕೀರ್ತಿ ಪೂರ್ತಿ ಅವರದು. ಬೋಲ್ಟ್ ಹೋಲಿಕೆಯಿಂದ ಬಂದ ಹೆಸರು ಮಾತ್ರ ಯಾವ ಪರೀಕ್ಷೆಯನ್ನೂ ಎದುರಿಸದ ಹೆಸರು. ಮರುವರ್ಷ ಬಂಟ್ವಾಳ ತಾಲೂಕಿನ ಕಕ್ಯಪದವಿನಲ್ಲಿ ಗೌಡರದೇ ನೂರು ಮೀಟರಿನ ಲೆಕ್ಕ 8.78 ಸೆಕೆಂಡಿಗೆ ಇಳಿಯಿತೆಂದು ಪತ್ರಿಕೆಗಳು ಬರೆದವು. ಒಬ್ಬ ಮನುಷ್ಯ ಒಂದು ವರ್ಷದಲ್ಲಿ ಅಷ್ಟು ಬದಲಾಗುವುದಿಲ್ಲ; ಕರೆಯ ಉದ್ದ, ಕೆಸರಿನ ಆಳ, ನೆಲದ ಇಳಿಜಾರು, ಕೋಣಗಳು ಬದಲಾಗುತ್ತವೆ. 2022ರಲ್ಲಿ ದಾಖಲೆಯ ಸಾಚಾತನದ ಪ್ರಶ್ನೆ ಪೊಲೀಸ್ ದೂರಿನವರೆಗೂ ಹೋಯಿತು. ಕರೆಯಲ್ಲಿ ಮುಗಿಯಬೇಕಾದ ಮಾತು ಠಾಣೆಗೆ ಹೋದದ್ದು ಬೇಸರದ ಸಂಗತಿ.

ಕಂಬಳದ ಪರವಾಗಿ ಬಂದ 2023ರ ಮೇ 18ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಕಂಬಳಕ್ಕೆ ಕಾನೂನಿನ ಭಯ ತಗ್ಗಿದೆ. ಅದೇ ವರ್ಷದ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲೂ ಕರೆ ತೋಡಿದರು. ಇನ್ನು ಹೊಗಳಿಕೆಯ ಆಸರೆ ನಮಗೆ ಬೇಕಿಲ್ಲ, ಬೇಕಿರುವುದು ದಾಖಲೆ. ಪತ್ರಿಕೆಗೆ ಹೋಗುವುದು ಮೊದಲ, ಎರಡನೆಯ ಸ್ಥಾನದ ಯಜಮಾನರು ಮತ್ತು ಓಟಗಾರರ ಹೆಸರು ಮಾತ್ರ. ಸೆಮಿಫೈನಲಿನಲ್ಲಿ ಯಾರು ಯಾರ ಎದುರು ಬಂದರು, ಯಾವ ಕರೆಯಲ್ಲಿ, ಎಷ್ಟು ಅಂತರದಲ್ಲಿ ಎಂಬುದು ಉದ್ಘೋಷಕರ ಬಾಯಿಂದ ಹೊರಟು ಬೆಳಗಿನ ಇಬ್ಬನಿಯೊಡನೆ ಆರಿಹೋಗುತ್ತದೆ.

ಮುಂದಿನ ನವೆಂಬರಿನಲ್ಲಿ ಕರೆಗೆ ನೀರು ಬಿಡುವ ಮೊದಲು ಕಂಬಳ ಸಮಿತಿಗಳವರು ಎರಡು ಕೆಲಸ ಮಾಡಲಿ. ಕರೆಯ ಉದ್ದವನ್ನು ಅಳೆದು ಗಂತಿನ ಬಳಿ ಫಲಕದಲ್ಲಿ ಬರೆಯಲಿ. ಪ್ರತಿ ಸುತ್ತಿನಲ್ಲೂ ಗೆದ್ದ ಜೋಡಿಯ ಪಕ್ಕದಲ್ಲಿ ಸೋತ ಜೋಡಿಯ ಹೆಸರನ್ನೂ ಒಂದು ಪುಸ್ತಕದಲ್ಲಿ ಬರೆದಿಡಲಿ.