ಪರದೆ ಬೆಳೆದಂತೆ: ಅಗ್ಗದ ಗ್ರಾಫಿಕ್ಸ್ ಕಾರ್ಡಿನ ಮೂವತ್ತು ವರ್ಷ

2004ರ ಜೂನ್ ತಿಂಗಳಲ್ಲಿ ಆಪಲ್ ಕಂಪನಿ 30 ಅಂಗುಲದ ಮಾನಿಟರ್ ಒಂದನ್ನು ಪ್ರಕಟಿಸಿತು. ಅಡ್ಡಲಾಗಿ 2560 ಪಿಕ್ಸೆಲ್, ಮೇಲಿನಿಂದ ಕೆಳಕ್ಕೆ 1600. ಒಟ್ಟು ನಲವತ್ತು ಲಕ್ಷ ದಾಟುತ್ತಿತ್ತು. ಬೆಲೆ 3,299 ಡಾಲರ್. ಅಷ್ಟು ಹಣ ತೆತ್ತವರೂ ಅದನ್ನು ಮನೆಗೆ ಒಯ್ದು ಇದ್ದ ಕಂಪ್ಯೂಟರಿಗೆ ಸಿಕ್ಕಿಸುವಂತಿರಲಿಲ್ಲ. ಅಷ್ಟೊಂದು ಪಿಕ್ಸೆಲ್‌ಗಳನ್ನು ಸಾಗಿಸಲು ಆಗಿನ ಸಾಮಾನ್ಯ ಡಿವಿಐ ಸಂಪರ್ಕ ಸಾಲುತ್ತಿರಲಿಲ್ಲ. ಅದರ ಎರಡರಷ್ಟು ಹೊರುವ ಡ್ಯುಯಲ್ ಲಿಂಕ್ ಬೇಕಿತ್ತು. ಅದಕ್ಕಾಗಿ ಆಪಲ್ ಜೊತೆಗೇ ಮಾರಿದ್ದು ಎನ್ವಿಡಿಯಾದ ಜಿಫೋರ್ಸ್ 6800 ಅಲ್ಟ್ರಾ ಕಾರ್ಡನ್ನು. ಅದಕ್ಕೆ ಬೇರೆ 599 ಡಾಲರ್.

ಅಂದು ಸಿರಿವಂತರ ಮೇಜಿನ ಮೇಲಿದ್ದ ಈ ಸಮಸ್ಯೆ ಇಂದು ಮಧ್ಯಮ ವರ್ಗದ ಮನೆಗೆ ಬಂದಿದೆ. 2560×1440 ಪಿಕ್ಸೆಲ್‌ನ 27 ಅಂಗುಲದ ಮಾನಿಟರ್ ಈಗ ಕೈಗೆಟಕುವ ವಸ್ತು. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ದೆಹಲಿಯ ನೆಹರೂ ಪ್ಲೇಸ್, ಚೆನ್ನೈನ ರಿಚಿ ಸ್ಟ್ರೀಟ್, ಬೆಂಗಳೂರಿನ ಎಸ್.ಪಿ. ರಸ್ತೆ, ಎಲ್ಲಿ ಹೋದರೂ ಮಾನಿಟರಿನ ಬೆನ್ನಿಗೇ ಬರುವ ಪ್ರಶ್ನೆ ಒಂದೇ: ಇದಕ್ಕೆ ಯಾವ ಕಾರ್ಡ್ ಸಾಕು? ಅಗ್ಗದ ಕಾರ್ಡುಗಳ ಮೂವತ್ತು ವರ್ಷದ ಚರಿತ್ರೆಯಲ್ಲಿ ಈ ಪ್ರಶ್ನೆಗೆ ಉತ್ತರವಿದೆ. ಕಾರ್ಡಿನ ಹೆಸರು ಮತ್ತು ನಂಬರನ್ನಷ್ಟೇ ನೋಡಿದರೆ ಮಾತ್ರ ಆ ಉತ್ತರ ಸಿಗುವುದಿಲ್ಲ.

ಗಾಜಿನ ಪರದೆಯ ಉದಾರತೆ

1987ರಲ್ಲಿ ಐಬಿಎಂ ತನ್ನ ಪಿಎಸ್/2 ಕಂಪ್ಯೂಟರುಗಳೊಂದಿಗೆ ವಿಜಿಎ ಎಂಬ ಮಾದರಿಯನ್ನು ತಂದಿತು. 640×480, ಅಂದರೆ ಮೂರು ಲಕ್ಷ ಪಿಕ್ಸೆಲ್ ಚಿಲ್ಲರೆ. 1990ರ ದಶಕದ ಮಾನಿಟರುಗಳು ಇದಕ್ಕಿಂತ ಮುಂದೆ ಹೋಗಿ 800×600, 1024×768 ತೋರಿಸಬಲ್ಲವಾದವು. ಅವೆಲ್ಲ ಟಿವಿಯಂಥದೇ ದಪ್ಪ ಗಾಜಿನ ಪರದೆಗಳು. ಹಿಂದಿನಿಂದ ಹರಿದುಬರುವ ಎಲೆಕ್ಟ್ರಾನ್ ಕಿರಣ ಪರದೆಯ ಹೊಳೆಯುವ ಲೇಪವನ್ನು ಬೆಳಗಿಸುತ್ತಿತ್ತು. ಕಿರಣ ಎಷ್ಟು ಗೆರೆ ಎಳೆಯಬೇಕೆಂಬುದು ಬದಲಾಗಬಹುದಾಗಿತ್ತು. ಪರದೆಗೆ ತನ್ನದೇ ಆದ ಒಂದೇ ಪಿಕ್ಸೆಲ್ ಸಂಖ್ಯೆ ಇರಲಿಲ್ಲ. ಹೀಗಾಗಿ 1024×768ರಲ್ಲಿ ಕಚೇರಿ ಕೆಲಸ ಮುಗಿಸಿ 640×480ಕ್ಕೆ ಇಳಿಸಿ ಆಟ ಆಡಿದರೆ ಚಿತ್ರ ಒರಟಾಗುತ್ತಿತ್ತೇ ಹೊರತು ಕಲಸಿಹೋಗುತ್ತಿರಲಿಲ್ಲ.

1996ರಲ್ಲಿ ಬಂದ 3ಡಿಎಫ್ಎಕ್ಸ್ ಕಂಪನಿಯ ವೂಡೂ ಕಾರ್ಡ್ ಮನೆಮನೆಯ ಕಂಪ್ಯೂಟರಿಗೆ ಮೂರು ಆಯಾಮದ ಆಟಗಳನ್ನು ತಂದಿತು. ಅದರಲ್ಲಿದ್ದದ್ದು 4 ಎಂಬಿ ಮೆಮೊರಿ: ಎರಡು ಎಂಬಿ ಮೇಲ್ಮೈ ಚಿತ್ರಗಳಿಗೆ, ಎರಡು ಎಂಬಿ ಪರದೆಯ ಚಿತ್ರಕ್ಕೆ. ಆ ಕಾರ್ಡ್ 640×480ಕ್ಕೆ ಏಕೆ ನಿಂತಿತು ಎಂಬುದಕ್ಕೆ ಲೆಕ್ಕ ಸರಳ. ಒಂದು ಪಿಕ್ಸೆಲ್ಲಿಗೆ ಎರಡು ಬೈಟ್. ಈಗ ಕಾಣುವ ಚಿತ್ರ, ಮುಂದೆ ಕಾಣಲಿರುವ ಚಿತ್ರ, ಯಾವ ವಸ್ತು ಮುಂದಿದೆ ಯಾವುದು ಹಿಂದಿದೆ ಎಂಬ ಆಳದ ಪಟ್ಟಿ, ಹೀಗೆ ಮೂರು ಪ್ರತಿ. 640×480ಕ್ಕೆ ಒಟ್ಟು 18.4 ಲಕ್ಷ ಬೈಟ್. ಎರಡು ಎಂಬಿಯಲ್ಲಿ ಹಿಡಿಸುತ್ತದೆ. 800×600ಕ್ಕೆ 28.8 ಲಕ್ಷ, ಹಿಡಿಸುವುದಿಲ್ಲ.

1998ರ ವೂಡೂ 2 ಪರದೆಯ ಚಿತ್ರಕ್ಕೆ ನಾಲ್ಕು ಎಂಬಿ ಕೊಟ್ಟು 800×600 ಮುಟ್ಟಿತು. 1024×768 ಬೇಕೆಂದವರು ಎರಡು ಕಾರ್ಡು ಕೊಂಡು ಜೋಡಿಸಬೇಕಿತ್ತು. ಒಂದು ಕಾರ್ಡು ಒಂದು ಗೆರೆ ಬಿಟ್ಟು ಒಂದು ಗೆರೆ ಎಳೆದರೆ, ಉಳಿದವನ್ನು ಇನ್ನೊಂದು ಎಳೆಯುತ್ತಿತ್ತು. ಚಿಪ್ಪಿನ ವೇಗಕ್ಕೆ ಮೊದಲು ಮೆಮೊರಿಯೇ ಗಡಿ ಹಾಕಿತ್ತು. ಆ ಮಾತು ಮುಂದೆಯೂ ಮತ್ತೆ ಮತ್ತೆ ನಿಜವಾಯಿತು.

ಹೆಸರು ಒಂದು, ಒಳಗಿನದು ಇನ್ನೊಂದು

ಅಗ್ಗದ ಕಾರ್ಡ್ ಎಂಬ ಬೇರೆ ವರ್ಗ ಹುಟ್ಟಿದ್ದು ಈ ಹೊತ್ತಿಗೇ. ದುಬಾರಿ ಕಾರ್ಡಿನ ಕೀರ್ತಿಯನ್ನು ಕಡಿಮೆ ಬೆಲೆಗೆ ಮಾರಬೇಕಾದರೆ ಎಲ್ಲೋ ಒಂದು ಕಡೆ ಕೊಯ್ಯಬೇಕು. 1999ರಲ್ಲಿ ಎನ್ವಿಡಿಯಾ ತನ್ನ ಟಿಎನ್‌ಟಿ 2 ಕಾರ್ಡಿನ ಎಂ64 ಎಂಬ ಅಗ್ಗದ ರೂಪ ತಂದಾಗ, ಚಿಪ್ಪಿಗೂ ಮೆಮೊರಿಗೂ ನಡುವಿನ ದಾರಿಯನ್ನು 128 ಬಿಟ್‌ನಿಂದ 64ಕ್ಕೆ ಇಳಿಸಿತ್ತು. ಆರು ಪಥದ ರಸ್ತೆಯನ್ನು ಮೂರು ಪಥ ಮಾಡಿದಂತೆ. ಸಂಚಾರ ಕಡಿಮೆಯಿದ್ದಾಗ, ಅಂದರೆ ರೆಸಲ್ಯೂಶನ್ ಕಡಿಮೆಯಿದ್ದಾಗ ವ್ಯತ್ಯಾಸ ತಿಳಿಯದು. ಪಿಕ್ಸೆಲ್ ಹೆಚ್ಚಿದಂತೆ ದಟ್ಟಣೆ. 2002ರ ಜಿಫೋರ್ಸ್ 4 ಎಂಎಕ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹೆಸರಿನಲ್ಲಿ ನಾಲ್ಕು ಇದ್ದರೂ ಒಳಗಿದ್ದದ್ದು ಜಿಫೋರ್ಸ್ 2ರ ಕಾಲದ ತಂತ್ರ. ಹೊಸ ಆಟಗಳು ಕೇಳುತ್ತಿದ್ದ ಪಿಕ್ಸೆಲ್ ಶೇಡರ್ ಅದರಲ್ಲಿ ಇರಲಿಲ್ಲ.

ಆದರೂ ಗಾಜಿನ ಪರದೆ ಇರುವವರೆಗೆ ಕೊಂಡವರಿಗೆ ಒಂದು ದಾರಿ ಉಳಿದಿತ್ತು. ಕಾರ್ಡ್ ಏದುಸಿರು ಬಿಟ್ಟರೆ ರೆಸಲ್ಯೂಶನ್ ಇಳಿಸಿದರಾಯಿತು.

2000ರ ದಶಕದ ನಡುವೆ ಚಪ್ಪಟೆ ಎಲ್‌ಸಿಡಿ ಪರದೆಗಳು ಆ ದಾರಿಯನ್ನು ಮುಚ್ಚಿದವು. ಎಲ್‌ಸಿಡಿಯಲ್ಲಿ ಪ್ರತಿ ಪಿಕ್ಸೆಲ್ ಕಾರ್ಖಾನೆಯಲ್ಲೇ ಸ್ಥಿರ. ಆಗ ಎಲ್ಲೆಡೆ ಕಾಣುತ್ತಿದ್ದ 17 ಅಂಗುಲದ ಪರದೆಯಲ್ಲಿ 1280×1024. ಅದಕ್ಕೆ 800×600 ಚಿತ್ರ ಕೊಟ್ಟರೆ ಅಡ್ಡಸಾಲಿನ ಒಂದು ಪಿಕ್ಸೆಲ್ಲನ್ನು 1.6 ಪಿಕ್ಸೆಲ್ಲಿಗೆ ಹಂಚಬೇಕು. ಅಕ್ಷರಗಳೂ ಅಂಚುಗಳೂ ಕಲಸಿಹೋಗುತ್ತವೆ. ಅಲ್ಲಿಂದಾಚೆಗೆ ಪರದೆ ಕೇಳಿದಷ್ಟನ್ನು ಕಾರ್ಡ್ ಒದಗಿಸಲೇಬೇಕಾಯಿತು. ಮಾನಿಟರ್ ಬದಲಿಸುವುದೆಂದರೆ ಕಾರ್ಡ್ ಬದಲಿಸುವುದೂ ಹೌದು ಎಂಬ ನಂಟು ಬಿಗಿದದ್ದು ಹೀಗೆ.

ಪರದೆ ನಿಂತಿದ್ದ ಕಾಲ

ನಂತರ ಬಂದದ್ದು ಅಗ್ಗದ ಕಾರ್ಡಿನ ಸುಭಿಕ್ಷದ ಕಾಲ. ಮಾನಿಟರುಗಳು 1920×1080ಕ್ಕೆ, ಅಂದರೆ ಇಪ್ಪತ್ತು ಲಕ್ಷ ಪಿಕ್ಸೆಲ್ಲಿಗೆ ಬಂದು ವರ್ಷಗಟ್ಟಲೆ ಅಲ್ಲೇ ನಿಂತವು. ಚಿಪ್ಪುಗಳು ಮಾತ್ರ ಬೆಳೆಯುತ್ತಲೇ ಹೋದವು. 2008ರ ರೇಡಿಯಾನ್ ಎಚ್‌ಡಿ 4850ರ ಬೆಲೆ 199 ಡಾಲರ್. 2014ರ ಜಿಟಿಎಕ್ಸ್ 750 ಟಿಐ 149 ಡಾಲರಿಗೆ ಬಂತು. ಅದಕ್ಕೆ 60 ವ್ಯಾಟ್ ಸಾಕಾಗಿದ್ದರಿಂದ ಪ್ರತ್ಯೇಕ ವಿದ್ಯುತ್ ವೈರ್ ಬೇಡ, ಎಸ್‌ಎಂಪಿಎಸ್ ಬದಲಿಸುವುದೂ ಬೇಡ. ಹಳೆಯ ಆಫೀಸ್ ಕಂಪ್ಯೂಟರಿಗೂ ಸಿಕ್ಕಿಸಬಹುದಿತ್ತು. 2016ರಲ್ಲಿ ಎಎಂಡಿಯ ಆರ್‌ಎಕ್ಸ್ 480 ಮತ್ತು ಎನ್ವಿಡಿಯಾದ ಜಿಟಿಎಕ್ಸ್ 1060 ಬಂದವು. ಸ್ಟೀಮ್ ಪ್ರಕಟಿಸುವ ಸಮೀಕ್ಷೆಯಲ್ಲಿ 1060 ಹಲವು ವರ್ಷ ಮೊದಲ ಸ್ಥಾನದಲ್ಲಿತ್ತು.

ಅದರಲ್ಲೂ ಹಳೆಯ ಚಾಳಿ ತಪ್ಪಲಿಲ್ಲ. 1060 ಎಂಬ ಒಂದೇ ಹೆಸರಿನಲ್ಲಿ 6 ಜಿಬಿ ಮತ್ತು 3 ಜಿಬಿ ಎಂಬ ಎರಡು ಕಾರ್ಡುಗಳಿದ್ದವು. ವ್ಯತ್ಯಾಸ ಮೆಮೊರಿಯಲ್ಲಿ ಮಾತ್ರವಲ್ಲ. ದೊಡ್ಡದರಲ್ಲಿ 1280 ಗಣಕ ಘಟಕಗಳಿದ್ದರೆ ಚಿಕ್ಕದರಲ್ಲಿ 1152.

ಬೆಲೆ ನಿಂತಲ್ಲಿ ನಿಲ್ಲಲಿಲ್ಲ

ಮುಂದಿನ ವರ್ಷಗಳಲ್ಲಿ ಎರಡು ಏಟು ಬಿದ್ದವು. ಒಂದು, ಈಥೀರಿಯಂ ಎಂಬ ಡಿಜಿಟಲ್ ಹಣದ ಗಣಿಗಾರಿಕೆ. 2017ರಲ್ಲೊಮ್ಮೆ, ಕೋವಿಡ್ ಕಾಲದಲ್ಲಿ ಮತ್ತೊಮ್ಮೆ, ಆಟಕ್ಕೆಂದು ಮಾಡಿದ ಕಾರ್ಡುಗಳು ಗಣಿಗಾರರ ಶೆಡ್ಡು ಸೇರಿದವು. ಘೋಷಿಸಿದ ಬೆಲೆಗೂ ಅಂಗಡಿಯ ಬೆಲೆಗೂ ಸಂಬಂಧವೇ ಉಳಿಯಲಿಲ್ಲ. 2022ರ ಸೆಪ್ಟೆಂಬರ್ 15ರಂದು ಈಥೀರಿಯಂ ಆ ಪದ್ಧತಿಯನ್ನೇ ಕೈಬಿಟ್ಟಾಗ ಹಳೆಯ ಕಾರ್ಡುಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಹರಿದುಬಂದವು.

ಎರಡನೆಯದು, ಸದ್ದಿಲ್ಲದೆ ಆದ ಕೊಯ್ತ. 2016ರ ಆರ್‌ಎಕ್ಸ್ 480ರಲ್ಲಿ 199 ಡಾಲರಿಗೆ 4 ಜಿಬಿ ಮೆಮೊರಿ, 256 ಬಿಟ್ ದಾರಿ ಇತ್ತು. ಆರು ವರ್ಷದ ನಂತರ, 2022ರ ಜನವರಿಯಲ್ಲಿ, ಅದೇ ಕಂಪನಿಯ ಆರ್‌ಎಕ್ಸ್ 6500 ಎಕ್ಸ್‌ಟಿ ಅದೇ 199 ಡಾಲರಿಗೆ ಬಂದಾಗ ಮೆಮೊರಿ ಅದೇ 4 ಜಿಬಿ, ದಾರಿ 64 ಬಿಟ್. ನಷ್ಟ ತುಂಬಲು ಚಿಪ್ಪಿನೊಳಗೆ 16 ಎಂಬಿ ಕ್ಯಾಶ್ ಇಟ್ಟಿದ್ದರು. 2023ರ ಆರ್‌ಟಿಎಕ್ಸ್ 4060ರ ಕಥೆಯೂ ಇಂಥದೇ: ಅದರ ಹಿಂದಿನ 3060ರಲ್ಲಿ 12 ಜಿಬಿ, 192 ಬಿಟ್ ಇದ್ದರೆ, ಇದರಲ್ಲಿ 8 ಜಿಬಿ, 128 ಬಿಟ್. 1080 ಸಾಲಿನ ಪರದೆಯಲ್ಲಿ ಹೊಸದೇ ಚುರುಕು. ಪರದೆ ದೊಡ್ಡದಾಗಿ, ಆಟದ ಚಿತ್ರಗಳ ಗುಣಮಟ್ಟ ಏರಿಸಿದಾಗ ಮಾತ್ರ 8 ಜಿಬಿಯ ಇಕ್ಕಟ್ಟು ಗೊತ್ತಾಗುತ್ತದೆ.

ಆ ಇಕ್ಕಟ್ಟು ಪರದೆಯ ಒಂದು ಚಿತ್ರದಿಂದ ಬರುವುದಲ್ಲ. 2560×1440ರ ಒಂದು ಚಿತ್ರಕ್ಕೆ 15 ಎಂಬಿಯೂ ಬೇಡ. ಆದರೆ ಇಂದಿನ ಆಟ ಅಂಥ ಹತ್ತಾರು ಮಧ್ಯಂತರ ಚಿತ್ರಗಳನ್ನು ಇಟ್ಟುಕೊಳ್ಳುತ್ತದೆ. ಗೋಡೆ, ಬಟ್ಟೆ, ಮುಖಗಳ ಮೇಲ್ಮೈ ಚಿತ್ರಗಳು ಜಿಬಿಗಟ್ಟಲೆ ಜಾಗ ತಿನ್ನುತ್ತವೆ. 2020ರಲ್ಲಿ ಬಂದ ಪ್ಲೇಸ್ಟೇಷನ್ 5ರಲ್ಲಿ ಒಟ್ಟು 16 ಜಿಬಿ ಇದ್ದುದರಿಂದ ಆಟ ತಯಾರಿಸುವವರ ಕೈಯೂ ಸಡಿಲವಾಯಿತು. ಕಾರ್ಡಿನ ಮೆಮೊರಿ ತುಂಬಿದಾಗ ಸಾಮಗ್ರಿಯನ್ನು ಕಂಪ್ಯೂಟರಿನ ರ‍್ಯಾಮ್‌ನಿಂದ ತರಿಸಬೇಕು. ಆ ದಾರಿ ಬಹಳ ನಿಧಾನ. ಆಟ ತಡವರಿಸುತ್ತದೆ, ಸರಾಸರಿ ವೇಗದ ಅಂಕಿಯಲ್ಲಿ ಆ ತಡವರಿಕೆ ಕಾಣಿಸುವುದೇ ಇಲ್ಲ.

ಮರಳಿ ಬಂದ ಸ್ವಾತಂತ್ರ್ಯ

ಇದೇ ವರ್ಷಗಳಲ್ಲಿ, ಗಾಜಿನ ಪರದೆಯೊಂದಿಗೆ ಹೋಗಿದ್ದ ಸೌಕರ್ಯ ಬೇರೆ ರೂಪದಲ್ಲಿ ಮರಳಿತು. 2018ರಲ್ಲಿ ಎನ್ವಿಡಿಯಾ ಡಿಎಲ್‌ಎಸ್‌ಎಸ್ ಎಂಬ ವಿಧಾನ ತಂದಿತು: ಕಡಿಮೆ ಪಿಕ್ಸೆಲ್ಲಿನಲ್ಲಿ ಚಿತ್ರ ಬಿಡಿಸಿ, ಪರದೆಯ ಅಳತೆಗೆ ಲೆಕ್ಕಾಚಾರದಿಂದ ಹಿಗ್ಗಿಸುವುದು. ಮೊದಲು ಮಸುಕಾಗಿದ್ದದ್ದು 2020ರ ಎರಡನೇ ಆವೃತ್ತಿಯಲ್ಲಿ ಸುಧಾರಿಸಿತು. 2021ರಲ್ಲಿ ಎಎಂಡಿ ತಂದ ಎಫ್‌ಎಸ್‌ಆರ್ ಪ್ರತಿಸ್ಪರ್ಧಿಯ ಹಳೆಯ ಕಾರ್ಡುಗಳ ಮೇಲೂ ನಡೆಯಿತು. 1060 ಇಟ್ಟುಕೊಂಡವರಿಗೆ ಅದರಿಂದ ಇನ್ನಷ್ಟು ಕಾಲ ದೂಡಲು ಸಾಧ್ಯವಾಯಿತು. 2560×1440 ಪರದೆಗೆ ಡಿಎಲ್‌ಎಸ್‌ಎಸ್‌ನ ಗುಣಮಟ್ಟದ ಮಟ್ಟ ಆಯ್ದರೆ ಕಾರ್ಡ್ ನಿಜವಾಗಿ ಬಿಡಿಸುವುದು ಸುಮಾರು 1707×960 ಪಿಕ್ಸೆಲ್ ಮಾತ್ರ. ಇದು 1920×1080ಕ್ಕಿಂತಲೂ ಕಡಿಮೆ. ಹಿಗ್ಗಿಸುವುದಕ್ಕೂ ಸ್ವಲ್ಪ ಶ್ರಮ ಬೇಕು, ಮೆಮೊರಿಯ ಹೊರೆ ಅಷ್ಟೇ ಪ್ರಮಾಣದಲ್ಲಿ ಇಳಿಯುವುದಿಲ್ಲ; ಆದರೂ ಪರದೆ ಬೆಳೆದ ಮಾತ್ರಕ್ಕೆ ಕಾರ್ಡೂ ಅಷ್ಟೇ ಬೆಳೆಯಬೇಕೆಂಬ ಕಟ್ಟು ಸಡಿಲಿತು.

ಹೀಗಾಗಿ ಇಂದು ಲೆಕ್ಕದ ತೂಕ ವೇಗದಿಂದ ಮೆಮೊರಿಯ ಕಡೆಗೆ ವಾಲಿದೆ. 2024ರ ಡಿಸೆಂಬರಿನಲ್ಲಿ ಇಂಟೆಲ್ ತಂದ ಆರ್ಕ್ ಬಿ580 ಗಮನ ಸೆಳೆದದ್ದು 249 ಡಾಲರಿಗೆ 12 ಜಿಬಿ, 192 ಬಿಟ್ ಕೊಟ್ಟದ್ದಕ್ಕೆ. ಆದರೆ ಅದಕ್ಕೆ ರಿಸೈಜಬಲ್ ಬಾರ್ ಸೌಲಭ್ಯವಿರುವ ಮದರ್‌ಬೋರ್ಡ್ ಬೇಕು, ಹಳೆಯ ಪ್ರೊಸೆಸರ್ ಜೊತೆ ಅದು ಮಂಕಾಗುತ್ತದೆ. 2025ರಲ್ಲಿ ಬಂದ ಆರ್‌ಟಿಎಕ್ಸ್ 5060 ಟಿಐ ಮತ್ತು ಆರ್‌ಎಕ್ಸ್ 9060 ಎಕ್ಸ್‌ಟಿ ಎರಡೂ ಒಂದೇ ಹೆಸರಿನಲ್ಲಿ 8 ಜಿಬಿ, 16 ಜಿಬಿ ಎಂಬ ಎರಡೆರಡು ರೂಪದಲ್ಲಿ ಮಾರಾಟವಾದವು. ಘೋಷಿತ ಬೆಲೆಯ ಅಂತರ 50 ಡಾಲರ್. ಭಾರತದಲ್ಲಿ 18% ಜಿಎಸ್‌ಟಿಯೂ ಸೇರಿ ಆ ಅಂತರ ಇನ್ನಷ್ಟು ಹಿಗ್ಗುತ್ತದೆ. ತಿಂಗಳ ಸಂಬಳದಲ್ಲಿ ಉಳಿಸಿ ಕೊಳ್ಳುವವರಿಗೆ ಅದು ಸಣ್ಣ ಮೊತ್ತವಲ್ಲ. ಆದರೆ ಕಾರ್ಡು ಎರಡು ವರ್ಷಕ್ಕೆ ಸುಸ್ತಾಗುತ್ತದೋ ಐದು ವರ್ಷ ನಡೆಯುತ್ತದೋ ಎಂಬುದನ್ನು ಹಲವು ಬಾರಿ ನಿರ್ಧರಿಸಿರುವುದು ಆ ಅಂತರವೇ.

2004ರಲ್ಲಿ ಮಾನಿಟರ್ ಕೊಂಡವರಿಗೆ ಇಲ್ಲದಿದ್ದ ಇನ್ನೊಂದು ಅನುಕೂಲ ಇಂದಿನವರಿಗೆ ಇದೆ. 2016ರ ಜಿಟಿಎಕ್ಸ್ 1060 ಕೂಡ 2560×1440 ಪರದೆಯನ್ನು ಸಲೀಸಾಗಿ ತೋರಿಸುತ್ತದೆ. ಓದು, ಬರಹ, ಸಿನಿಮಾಕ್ಕೆ ಹೊಸ ಕಾರ್ಡ್ ಬೇಡವೇ ಬೇಡ. ಮಾನಿಟರನ್ನು ಮೊದಲು ಹಳೆಯ ಕಾರ್ಡಿಗೇ ಸಿಕ್ಕಿಸಿ, ತಾವು ಆಡುವ ಆಟ ಎಲ್ಲಿ ಎಡವುತ್ತದೆ ಎಂದು ಕೆಲವು ವಾರ ನೋಡಬಹುದು. ಆಮೇಲೆ ಅಂಗಡಿಗೆ ಹೋದಾಗ ಡಬ್ಬಿಯ ಮೇಲಿನ ದೊಡ್ಡ ನಂಬರಿಗಿಂತ ಮೊದಲು, ಅದರ ಪಕ್ಕದ ಸಣ್ಣ ಅಕ್ಷರದಲ್ಲಿರುವ ಜಿಬಿಯನ್ನು ಓದಿದರೆ ಸಾಕು.